ಗೊಂಬೆ ಆಯುವ ಅತ್ತೆ

ಗೊಂಬೆ ಕೊಳ್ಳುವವರು ಬೇರೆ, ಗೊಂಬೆ ಆಯುವವರು ಬೇರೆ. ಕೊಳ್ಳುವವರು ಅಂಗಡಿಗೆ ಹೋಗಿ "ಅದು ಚೆನ್ನಾಗಿದೆ, ಕೊಡಿ" ಎಂದು ಹಣ ಎಣಿಸಿ ಸಂಜೆಯೊಳಗೆ ಮನೆ ಸೇರುತ್ತಾರೆ. ಆಯುವವರ ಹಿಂದೆ ಚೀಲ ಹಿಡಿದು ಹೋದವರಿಗೆ ಆ ಭಾಗ್ಯವಿಲ್ಲ. ಈ ಎರಡನೇ ಪಂಗಡದವರು ಎಲ್ಲ ಮನೆತನದಲ್ಲೂ ಒಬ್ಬರಾದರೂ ಇರುತ್ತಾರೆ. ನನ್ನ ಪಾಲಿಗೆ ಬಂದವರು ಹೆಂಡತಿಯ ಸೋದರತ್ತೆ, ಡೊಂಬಿವಲಿ ಪೂರ್ವದವರು.

ಅತ್ತೆ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಮದುವೆಯಾಗಿ ಡೊಂಬಿವಲಿಗೆ ಬಂದಾಗ ಅವರ ಟ್ರಂಕಿನಲ್ಲಿ ಸೀರೆಗಳ ನಡುವೆ ತವರಿನವರು ಕೊಟ್ಟ ರಕ್ತಚಂದನದ ರಾಜ, ರಾಣಿ ಮಲಗಿದ್ದರು. ಮಾನಪಾಡಾ ರಸ್ತೆಯ ಕಡೆ ಫ್ಲ್ಯಾಟು ನೋಡಲು ಹೋದಾಗ ಮಾವನವರು ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದರಂತೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಲಾಫ್ಟು ಎಷ್ಟು ಆಳ ಇದೆ?" ನವರಾತ್ರಿ ಬಿಟ್ಟು ಉಳಿದ ದಿನವೆಲ್ಲ ರಾಜ, ರಾಣಿ, ದಶಾವತಾರ, ಶೆಟ್ಟಿ ದಂಪತಿ, ಚನ್ನಪಟ್ಟಣದ ಬ್ಯಾಂಡ್ ಸೆಟ್ಟು, ಸಾವಂತವಾಡಿಯ ಮರದ ಹಣ್ಣುಗಳು, ಎಲ್ಲವೂ ಹಳೇ ಪಂಚೆ ಸುತ್ತಿಕೊಂಡು ಆ ಲಾಫ್ಟಿನಲ್ಲೇ ಸಂಸಾರ ಮಾಡುತ್ತವೆ. ಸೊಸೈಟಿಯ ಮರಾಠಿ ಮಕ್ಕಳಿಗೆ ಅವರು ಬಾಹುಲಿ ಆಜಿ, ಅಂದರೆ ಗೊಂಬೆಯಜ್ಜಿ.

ಭಾದ್ರಪದ ಮುಗಿಯುತ್ತಿದ್ದಂತೆ ಫೋನು ಬರುತ್ತದೆ. "ಅಳಿಯಂದ್ರೇ, ಭಾನುವಾರ ಪುರುಸೊತ್ತಾ?" ಇದು ಪ್ರಶ್ನೆಯಂತೆ ಕೇಳಿಸಿದರೂ ಪ್ರಶ್ನೆಯಲ್ಲ. ಗೊಂಬೆ ಆಯಲು ಮಾಟುಂಗಾಕ್ಕೆ ಹೋಗಬೇಕು. ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಘಾಟ್ಕೋಪರಿನಲ್ಲಿ ಇಳಿದು ಸ್ಲೋ ಹಿಡಿಯಬೇಕು. ಅತ್ತೆ ಲೇಡೀಸ್ ಡಬ್ಬಿಗೆ, ನಾನು ಜನರಲ್ಲಿಗೆ. ಮಾಟುಂಗಾದಲ್ಲಿ ಇಳಿದ ಮೇಲೆ ಮಾತ್ರ ಅವರ ನಿಜವಾದ ವ್ಯಕ್ತಿತ್ವ ಹೊರಬೀಳುತ್ತದೆ.

ಅಂಗಡಿಯವನು ಸರಸ್ವತಿಯ ಮುಖ ತೋರಿಸಿ, "ನೋಡಿ ಅಮ್ಮಾ, ಏನು ಕಳೆ!" ಎನ್ನುತ್ತಾನೆ. ಅತ್ತೆ ಕಳೆ ನೋಡುವುದೇ ಇಲ್ಲ. ಗೊಂಬೆಯನ್ನು ತಲೆಕೆಳಗು ಮಾಡಿ ತಳ ನೋಡುತ್ತಾರೆ. ಉಗುರಿನಿಂದ ಮೂರು ಸಲ ತಟ್ಟುತ್ತಾರೆ. ಮಣ್ಣಿನದೋ, ಕಾಗದದ ತಿರುಳಿನದೋ, ಪ್ಲಾಸ್ಟರಿನದೋ ಎಂಬುದು ಆ ಸದ್ದಿನಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ನೆಲದ ಮೇಲಿಟ್ಟು ಒಂದು ಬೆರಳಿನಿಂದ ಭುಜ ನೂಕುತ್ತಾರೆ. ಓಲಾಡಿದರೆ ಅಲ್ಲಿಗೆ ಸರಸ್ವತಿಯ ಕಥೆ ಮುಗಿಯಿತು. ಓಲಾಡದಿದ್ದರೆ ಕಣ್ಣಿನ ಪರೀಕ್ಷೆ: ಅತ್ತೆ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ನಡೆದು ಗೊಂಬೆ ತಮ್ಮನ್ನು ನೋಡುತ್ತಿದೆಯೋ ಪಕ್ಕದ ಗೊಂಬೆಯನ್ನೋ ಎಂದು ಪರಿಶೀಲಿಸುತ್ತಾರೆ. ಈ ನಡಿಗೆಯಲ್ಲಿ ಅಂಗಡಿಯ ಬೇರೆ ಗಿರಾಕಿಗಳು ಹೊರಗೆ ನೂಕಲ್ಪಡುವುದು ಅವರಿಗೆ ಸಂಬಂಧಿಸಿದ ವಿಷಯವಲ್ಲ. ಚನ್ನಪಟ್ಟಣದ್ದೆಂದು ಕೊಟ್ಟರೆ ಮೊದಲು ಮೂಸುತ್ತಾರೆ. ಕಡೆಯುವ ಯಂತ್ರದಲ್ಲಿ ಆಲೆ ಮರ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೆ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಮೆರುಗು ಕೊಟ್ಟದ್ದಾದರೆ ಪೇಂಟಿನ ವಾಸನೆ ಬರಬಾರದು. ಬಂತೋ, "ಇದು ಚನ್ನಪಟ್ಟಣದ ರೈಲನ್ನೂ ನೋಡಿಲ್ಲ" ಎಂದು ಹಿಂದಿರುಗಿಸುತ್ತಾರೆ.

ಒಮ್ಮೆ ಅವರು ರಾವಣನ ತಲೆ ಎಣಿಸಿದರು. ಒಂಬತ್ತಿದ್ದವು. ಬೇರೆಯವರಾದರೆ ಬಿಟ್ಟು ಬರುತ್ತಿದ್ದರು. ಅತ್ತೆ ತಲೆಗೆ ಶೇಕಡಾ ಹತ್ತರ ಲೆಕ್ಕದಲ್ಲಿ ಬೆಲೆ ಇಳಿಸಿ ಕೊಂಡರು. ಗೋಡೆಯ ಕಡೆಗೆ ಸ್ವಲ್ಪ ತಿರುಗಿಸಿ ಕೂರಿಸಿದ್ದಾರೆ. ಇವತ್ತಿನವರೆಗೆ ಯಾರಿಗೂ ತಿಳಿದಿಲ್ಲ.

ವಾಪಸು ಬರುವಾಗ ಅತ್ತೆ ಮತ್ತೆ ಲೇಡೀಸ್ ಡಬ್ಬಿಗೆ, ಗೊಂಬೆಗಳು ನನ್ನ ಜೊತೆ ಜನರಲ್ಲಿಗೆ. "ನಿಮ್ಮಲ್ಲಾದ್ರೆ ಜಾಗ ಇರುತ್ತೆ" ಎಂಬುದು ಅವರ ನಂಬಿಕೆ. ಸಂಜೆಯ ಕಲ್ಯಾಣ ಲೋಕಲ್ಲನ್ನು ಅವರು ಗಂಡಸರ ಡಬ್ಬಿಯ ಒಳಗಿನಿಂದ ಯಾವತ್ತೂ ನೋಡಿಲ್ಲ. ಒಬ್ಬ ಪುಣ್ಯಾತ್ಮ ನನ್ನ ತೋಳಲ್ಲಿದ್ದ ಪೊಟ್ಟಣ ನೋಡಿ, "ಬಪ್ಪಾ ಆಹೇ ಕಾ?" ಎಂದು ಕೇಳಿದ. ಗಣಪತಿಯಲ್ಲ, ಕೃಷ್ಣ ಎಂದೆ. ನಾಲ್ಕನೇ ಸೀಟಿನಲ್ಲಿ ಅರ್ಧ ಕೂತವನು ಎದ್ದು ಕೃಷ್ಣನಿಗೆ ಜಾಗ ಕೊಟ್ಟ. ನಾನು ಠಾಣೆಯವರೆಗೂ ನಿಂತಿದ್ದೆ, ಆಮೇಲೂ ನಿಂತಿದ್ದೆ.

ಇಷ್ಟು ಹೇಳಿದರೆ ಇದು ಹಳೇ ಕಾಲದವರ ಗೀಳು ಎಂದು ಓದುಗರು ಭಾವಿಸಬಹುದು. ಹಾಗಲ್ಲ. ಈ ರಕ್ತ ಒಂದು ತಲೆಮಾರು ಸುಮ್ಮನಿದ್ದು ಇನ್ನೊಂದರಲ್ಲಿ ಎದ್ದಿದೆ. ಅತ್ತೆಯ ಮೊಮ್ಮಗಳು ಐರೋಲಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಅವಳು ಆಯುವುದು ಕೀಲುಗೊಂಬೆ: ರೆಸಿನ್ನಿನಲ್ಲಿ ಎರಕ ಹೊಯ್ದ, ಭುಜ, ಮೊಣಕೈ, ಸೊಂಟ, ಮಂಡಿಗಳಲ್ಲೆಲ್ಲ ಗುಂಡು ಕೀಲಿರುವ ಗೊಂಬೆ. ಜಪಾನಿನ ಕ್ಯೋಟೋದ ವೋಕ್ಸ್ ಕಂಪನಿ 1999ರಲ್ಲಿ ಸೂಪರ್ ಡಾಲ್ಫಿ ಎಂಬುದನ್ನು ಮಾರುಕಟ್ಟೆಗೆ ತಂದಲ್ಲಿಂದ ಈ ಹುಚ್ಚು ಶುರುವಾಯಿತು. ಆಮೇಲೆ ಕೊರಿಯಾದವರು, ಚೀನಾದವರು ಕೈಹಾಕಿದರು. ಈಗ ಐರೋಲಿಯವರೆಗೆ ಬಂದಿದೆ.

ಹುಡುಗಿ ಮದುವೆಗೆ ಹುಡುಗನ ಫೋಟೋ ತೋರಿಸಿದರೆ ಅರ್ಧ ನಿಮಿಷದಲ್ಲಿ ಬೇಡ ಎನ್ನುವವಳು. ಈ ಗೊಂಬೆಗೆ ಮಾತ್ರ ಎಕ್ಸೆಲ್ ಹಾಳೆ ಮಾಡಿದ್ದಳು. ನನಗೂ ಕೂರಿಸಿ ವಿವರಿಸಿದಳು. ಎತ್ತರ ಮೊದಲನೆಯ ಕಾಲಮ್ಮು. ಮನುಷ್ಯನ ಮೂರನೇ ಒಂದರ ಅಳತೆಯದು ಸುಮಾರು 60 ಸೆಂಟಿಮೀಟರ್, ನಾಲ್ಕನೇ ಒಂದರದು 40ರಿಂದ 45, ಆರನೇ ಒಂದರದು 30ರ ಒಳಗೆ. ಬಟ್ಟೆ, ಬೂಟು, ವಿಗ್ಗು ಎಲ್ಲ ಅದಕ್ಕೆ ಹೊಂದಬೇಕು. ಆಮೇಲೆ ಮೊಣಕೈಗೆ ಒಂದು ಕೀಲೋ ಎರಡೋ. ಒಂದೇ ಇದ್ದರೆ ಕೈ ಗಲ್ಲಕ್ಕೆ ಮುಟ್ಟುವುದಿಲ್ಲ. ಆಮೇಲೆ ರೆಸಿನ್ನಿನ ಬಣ್ಣ. ತಲೆ ಒಂದು ಕಂಪನಿಯದು, ಮೈ ಇನ್ನೊಂದರದು ತರಿಸಿದರೆ ಕುತ್ತಿಗೆಯ ಹತ್ತಿರ ಎರಡು ಬಣ್ಣ ಕಾಣುತ್ತದೆ. ಬಿಸಿಲು ಬಿದ್ದರೆ ಹಳದಿಗೆ ತಿರುಗುತ್ತದೆ, ಆದ್ದರಿಂದ ಕಿಟಕಿಯ ದಿಕ್ಕಿಗೂ ಒಂದು ಕಾಲಮ್ಮು. ಕೊನೆಯ ಕಾಲಮ್ಮಿನ ಶೀರ್ಷಿಕೆ "ನಿಲ್ಲುತ್ತದೆಯೇ?" ಎಂದಿತ್ತು. ಆಸರೆಯಿಲ್ಲದೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಕೂರಿಸಿದರೆ ಮಂಡಿ ಚಿಮ್ಮಿ ಒದೆಯಬಾರದು.

"ಅಗ್ಗಕ್ಕೂ ಸಿಗುತ್ತಲ್ಲ?" ಎಂದೆ, ಫೋನಿನಲ್ಲಿ ಕಂಡದ್ದನ್ನು ತೋರಿಸಿ.

"ಅದು ನಕಲು, ಮಾವ. ಅಸಲಿನ ಮೇಲೆ ಅಚ್ಚು ತೆಗೆದು ಹೊಯ್ದದ್ದು. ಅದನ್ನು ತಂದರೆ ಸಂಗ್ರಾಹಕರು ಮಾತಾಡ್ಸಲ್ಲ." ಚನ್ನಪಟ್ಟಣದ ರೈಲು ನೋಡದ ಗೊಂಬೆಯ ಬಗ್ಗೆ ಅವಳ ಅಜ್ಜಿಗಿರುವ ತಿರಸ್ಕಾರವೇ ಆ ಮುಖದಲ್ಲಿ ಕಂಡಿತು.

ಕೇಳಿದ ಮೇಲೆ ತಯಾರಿಸಿ ಕಳಿಸುವ ವಸ್ತುವಾದ್ದರಿಂದ ತಿಂಗಳುಗಟ್ಟಲೆ ಕಾಯಬೇಕು. ಹಗಲು ಮನೆಯಲ್ಲಿ ಜನ ಇರುತ್ತಾರೆಂದು ಡೊಂಬಿವಲಿಯ ವಿಳಾಸ ಕೊಟ್ಟಿದ್ದಳು. ಪೆಟ್ಟಿಗೆ ಬಂದ ದಿನ ಕಸ್ಟಮ್ಸ್ ಸುಂಕ ಕಟ್ಟಿದ್ದು ಅತ್ತೆ. ಇಷ್ಟು ಸುಂಕ ಕೇಳುತ್ತಾರಾದರೆ ಒಳಗೆ ಚಿನ್ನವೇ ಇರಬೇಕೆಂದು ಅವರ ಅಂದಾಜು. ಮೊಮ್ಮಗಳು ಠಾಣೆಯಲ್ಲಿ ಗಾಡಿ ಬದಲಾಯಿಸಿ ಓಡಿ ಬಂದು ಮುಚ್ಚಳ ತೆಗೆದಳು. ಒಳಗೆ ಸ್ಪಂಜಿನ ನಡುವೆ ಒಂದು ಬೋಳುತಲೆ, ಎರಡು ಖಾಲಿ ಕಣ್ಣುಗುಳಿ, ಮೈಮೇಲೆ ನೂಲಿನೆಳೆಯಿಲ್ಲ.

"ಏನೇ ಇದು? ಕಣ್ಣಿಲ್ಲ, ಕೂದಲಿಲ್ಲ, ಬಟ್ಟೆ ಇಲ್ಲ. ಇಷ್ಟು ದುಡ್ಡು ಯಾತಕ್ಕೆ ಕೊಟ್ಟೆ?"

"ಅದೆಲ್ಲ ಬೇರೆ ತರಿಸ್ಬೇಕು ಅಜ್ಜಿ."

ಅತ್ತೆ ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಅಭ್ಯಾಸಬಲ: ಗೊಂಬೆಯನ್ನು ಎತ್ತಿ ತಲೆಕೆಳಗು ಮಾಡಿದರು. ಮೊಮ್ಮಗಳು ಕಿರುಚಿದಳು. ಅಷ್ಟರಲ್ಲಿ ಅತ್ತೆ ಉಗುರಿನಿಂದ ತಟ್ಟಿ, "ಮಣ್ಣಲ್ಲ, ಮರವೂ ಅಲ್ಲ, ಆದ್ರೆ ಪೊಳ್ಳು" ಎಂದು ವರದಿ ಕೊಟ್ಟಾಗಿತ್ತು. ಪೊಳ್ಳಾಗಿರಲೇಬೇಕು, ತಲೆಯಿಂದ ಕಾಲಿನವರೆಗೆ ಎಲಾಸ್ಟಿಕ್ಕು ಹಾದುಹೋಗಿ, ಅದರ ಬಿಗಿತದಿಂದಲೇ ಎಲ್ಲ ಅಂಗಗಳೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಕಾಲು ಸ್ವಲ್ಪ ಎಳೆದು ಕೀಲಿನ ಸಂದಿನಲ್ಲಿ ಇಣುಕಿದ ಅತ್ತೆಗೆ ಗುಟ್ಟು ಒಂದೇ ನೋಟಕ್ಕೆ ತಿಳಿಯಿತು.

"ಅಯ್ಯೋ, ಒಳಗೆ ಲಾಡಿ ಹಾಕಿದ್ದಾರೆ!"

ಮಂಡಿಯಲ್ಲಿ ಎರಡೆರಡು ಕೀಲಿರುವುದನ್ನು ಕಂಡಾಗ ಮಾತ್ರ ಅವರಿಗೆ ಸಂಕಟವಾಯಿತು. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತಿಳಿದು ಸವೆದ ತಮ್ಮ ಮಂಡಿಯನ್ನು ನೀವಿಕೊಳ್ಳುತ್ತಾ, "ದೇವರು ನಮಗೆ ಒಂದೇ ಇಟ್ಟ, ಅದೂ ಕೈಕೊಟ್ಟಿದೆ. ಇದಕ್ಕೆ ನೋಡು, ಸ್ಪೇರು!" ಎಂದರು.

ಕಣ್ಣು ಬಂದದ್ದು ಇನ್ನೊಂದು ಪೊಟ್ಟಣದಲ್ಲಿ. ಗಾಜಿನದು, ಮಿಲಿಮೀಟರಿನ ಲೆಕ್ಕದಲ್ಲಿ ಆರಿಸಿದ್ದು. ಅಯಸ್ಕಾಂತದಿಂದ ಅಂಟಿರುವ ತಲೆಬುರುಡೆಯ ಹಿಂಭಾಗ ತೆಗೆದು, ಒಳಗಿನಿಂದ ಮೇಣದಂಥ ಅಂಟು ಒತ್ತಿ ಕೂರಿಸಬೇಕು. ಒಂದು ಕೂದಲೆಳೆಯಷ್ಟು ಓರೆಯಾದರೂ ಗೊಂಬೆ ಮೆಳ್ಳಗಣ್ಣಾಗುತ್ತದೆ. ಹುಡುಗಿ ಇಡುವುದು, ತೆಗೆಯುವುದು, ಮತ್ತೆ ಇಡುವುದು. ಅತ್ತೆ ಎದುರು ಕುಳಿತು "ಎಡಗಡೇದು ಮೂಗು ನೋಡ್ತಿದೆ", "ಈಗ ಬಲಗಡೇದು ಗಡಿಯಾರ ನೋಡ್ತಿದೆ" ಎಂದು ನಿರ್ದೇಶನ ಕೊಡುವುದು. ಅಂತೂ ಸರಿಯಾಯಿತು. ಅತ್ತೆ ಎದ್ದು ತಮ್ಮ ಮಾಟುಂಗಾ ನಡಿಗೆ ಆರಂಭಿಸಿದರು: ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು. ಗುಳಿಯೊಳಗೆ ಕೂತ ಗಾಜಿನ ಕಣ್ಣಿಗೆ ಒಂದು ಗುಣವಿದೆ, ನೋಡುವವರು ಎತ್ತ ಹೋದರೂ ದೃಷ್ಟಿ ಅತ್ತಲೇ ತಿರುಗಿದಂತೆ ಕಾಣುತ್ತದೆ. ಅತ್ತೆ ಮತ್ತೊಮ್ಮೆ ನಡೆದರು. ಅಡುಗೆಮನೆಗೆ ಹೋಗಿ ತಟ್ಟನೆ ಇಣುಕಿದರು.

"ಇದು ನೋಡುತ್ತೆ ಕಣೇ!"

ಅಲ್ಲಿಗೆ ಗೊಂಬೆ ಪಾಸಾಯಿತು. ಜಪಾನಿನ ಸಂತತಿಯದ್ದೆಂಬ ತಕರಾರೂ ಉಳಿಯಲಿಲ್ಲ. ಚನ್ನಪಟ್ಟಣಕ್ಕೆ ಜಪಾನಿನ ಅರಗಿನ ಕೌಶಲ ತಂದವರು ಬಾವಾಸ್ ಮಿಯಾನ್ ಎಂದು ಹೇಳುತ್ತಾರೆ. ಅತ್ತೆ ಅದನ್ನು ನೆನಪಿಸಿಕೊಂಡು, "ನಮ್ಮ ಬೀಗರ ಪೈಕೀನೇ" ಎಂದುಬಿಟ್ಟರು. ಕೆಲವು ಕಾಲದ ಮೇಲೆ ಎಲಾಸ್ಟಿಕ್ಕು ಸಡಿಲವಾಗಿ ಗೊಂಬೆ ನಿಂತಲ್ಲೇ ಕುಸಿಯತೊಡಗಿತು. ಹುಡುಗಿ ಗಾಬರಿಯಾಗಿ ಫೋನಿನಲ್ಲಿ ವಿಡಿಯೋ ಹುಡುಕುತ್ತಿದ್ದಳು. ಅಷ್ಟರಲ್ಲಿ ಅತ್ತೆ ಲಂಗಕ್ಕೆ ಲಾಡಿ ಏರಿಸುವ ಕಡ್ಡಿ ತಂದು, ಪಾದದ ಕೊಕ್ಕೆ ಬಿಡಿಸಿ, ಹೊಸ ಎಲಾಸ್ಟಿಕ್ಕನ್ನು ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಪಾದಕ್ಕೆ ದಾಟಿಸಿ ಗಂಟು ಬಿಗಿದಿದ್ದರು. ಬಿಗಿತ ಎಷ್ಟಿರಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನವರಾತ್ರಿ ಬಂತು. ಅತ್ತೆಯದು ಐದು ಮೆಟ್ಟಿಲು. ಏಳು ಮಾಡಿದರೆ ಬಚ್ಚಲ ಬಾಗಿಲು ತೆರೆಯುವುದಿಲ್ಲ. ಪಟ್ಟದ ರಾಜ ಒಂದು ಗೇಣು. ಅವನ ಪಕ್ಕ 60 ಸೆಂಟಿಮೀಟರಿನವಳನ್ನು ನಿಲ್ಲಿಸಿದರೆ ರಾಜ್ಯ ಯಾರದೆಂಬ ಅನುಮಾನ ಬರುತ್ತದೆ. ಅತ್ತೆ ಇದಕ್ಕೂ ಅರಮನೆಯಲ್ಲೇ ಉತ್ತರ ಹುಡುಕಿದರು. ಮೈಸೂರಿನ ದಸರಾದಲ್ಲಿ ಯೂರೋಪಿಯನ್ನರಿಗೆಂದೇ ಬೇರೆ ದರ್ಬಾರು ನಡೆಯುತ್ತಿತ್ತು, ಅರಮನೆಯ ಗೊಂಬೆತೊಟ್ಟಿಯಲ್ಲೂ ಯೂರೋಪಿನ ಶಿಲ್ಪಗಳಿವೆ. ಆದ್ದರಿಂದ ಇವಳು ವಿದೇಶದ ಅತಿಥಿ. ಮೆಟ್ಟಿಲಿನ ಕೆಳಗೆ ಮಗುವಿನ ಕುರ್ಚಿಯಲ್ಲಿ ಕೂರತಕ್ಕದ್ದು. ಕೀಲಿದ್ದದ್ದರಿಂದ ಕಾಲ ಮೇಲೆ ಕಾಲು ಹಾಕಿ ಕೂತಳು. ಮೊಮ್ಮಗಳು ಹೊಲಿದ ಇಳಕಲ್ ಸೀರೆ ಉಟ್ಟಿದ್ದಳು. ಧಾರವಾಡ ಕಡೆಯ ನೆರೆಯವರು ಬಂದು, "ಯಾರವಾ ಇಕಿ, ನಿಮ್ಮ ಪೈಕಿ ಅಲ್ಲ ಬಿಡು" ಎಂದರು. ಕುಂದಾಪುರದವರೊಬ್ಬರು ಮೊಣಕೈ ಮಡಚಿ ಬಿಚ್ಚಿ ನೋಡಿ, ಉಪ್ಪಿನಕುದ್ರುವಿನ ಯಕ್ಷಗಾನದ ಸೂತ್ರದ ಗೊಂಬೆಗಳಿಗೆ ಇಂಥ ಕೀಲು ಎಂದಿನಿಂದಲೂ ಇದೆ, ಅವು ಕುಣಿಯುತ್ತವೆ ಬೇರೆ, ಇದು ಬರೀ ಕೂತಿದೆಯಲ್ಲ ಎಂದು ಮೂಗು ಮುರಿದರು.

ಅನಾಹುತ ನಡೆದದ್ದು ಅಷ್ಟಮಿಯ ದಿನ. ಕಲ್ಯಾಣದಿಂದ ಬಂದ ಹಿರಿಯ ಮುತ್ತೈದೆಯೊಬ್ಬರು ಅರಿಶಿನ ಕುಂಕುಮ ತೆಗೆದುಕೊಂಡು, ಭಕ್ತಿಯಿಂದ ಗೌರಿಗೆ ಹಚ್ಚಿ, ಲಕ್ಷ್ಮಿಗೆ ಹಚ್ಚಿ, ಬೋಳು ಹಣೆಯವಳು ಒಬ್ಬಳೇ ಯಾಕಿರಬೇಕೆಂದು ಈ ಅತಿಥಿಗೂ ಕೆನ್ನೆ ತುಂಬ ಅರಿಶಿನ, ಹಣೆಗೆ ಕುಂಕುಮ ಇಟ್ಟರು. ಮೊಮ್ಮಗಳು ಸಾವಿರಾರು ರೂಪಾಯಿ ಕೊಟ್ಟು ಪೇಸ್ಟಲ್ ಪುಡಿಯಲ್ಲಿ ಮುಖ ಬರೆಸಿದ್ದಳು. ಅವಳು ಬಚ್ಚಲಿಗೆ ಹೋಗಿ ಅತ್ತಳು. ಅತ್ತೆ ಆ ಮುತ್ತೈದೆಗೆ ಒಂದು ಮಾತನ್ನೂ ಅನ್ನದೆ ಉಡಿ ತುಂಬಿ ಕಳಿಸಿ, ರಾತ್ರಿ ಫೋನಿನಲ್ಲಿ ನನಗೆ ಅನ್ನಬೇಕಾದ್ದನ್ನೆಲ್ಲ ಅಂದರು.

ಈ ವರ್ಷ ಡೊಂಬಿವಲಿ, ಠಾಣೆ, ವಾಶಿ, ಕಲ್ಯಾಣದ ಕಡೆ ಗೊಂಬೆ ನೋಡಲು ಹೋಗುವ ಅಕ್ಕತಂಗಿಯರಲ್ಲಿ ಅತ್ತೆಯ ಪರವಾಗಿ ಒಂದು ವಿನಂತಿ. ಸುಂಡಲು ಎಷ್ಟು ಬೇಕಾದರೂ ತಿನ್ನಿ, ಹಾಡು ಬಂದರೆ ಹಾಡಿ. ಕುರ್ಚಿಯಲ್ಲಿ ಕೂತವಳಿಗೆ ಮಾತ್ರ ಅರಿಶಿನ ಹಚ್ಚಬೇಡಿ. ರೆಸಿನ್ನಿಗೆ ಹಿಡಿದ ಬಣ್ಣ ಸುಲಭಕ್ಕೆ ಬಿಡುವುದಿಲ್ಲ, ಮುಖ ಮತ್ತೆ ಬರೆಸುವ ಖರ್ಚು ಅಳಿಯಂದಿರ ಮೇಲೆ ಬೀಳುತ್ತದೆ.