ಬುಡರಾಯರು

ಮರ ನೋಡುವವರು ತಲೆ ಎತ್ತುತ್ತಾರೆ. ಬುಡರಾಯರು ತಗ್ಗಿಸುತ್ತಾರೆ. ಎಂಬತ್ತು ಅಡಿಯ ಮರ ಎದುರಿಗೆ ನಿಂತಿದ್ದರೂ ಅವರ ಕಣ್ಣು ನೆಲದಿಂದ ಒಂದು ಗೇಣು ಮೇಲಕ್ಕೇರುವುದಿಲ್ಲ. ಬೇರು ಸುತ್ತಲೂ ಹರಡಿದೆಯೋ, ಬುಡ ದಪ್ಪಗಿದ್ದು ಮೇಲೆ ಹೋಗುತ್ತ ಸಣ್ಣಗಾಗಿದೆಯೋ, ಇಷ್ಟೇ ಅವರಿಗೆ ಬೇಕಾದದ್ದು. ಮಿಕ್ಕ ಎಪ್ಪತ್ತೊಂಬತ್ತು ಅಡಿ ಅವರ ಲೆಕ್ಕದಲ್ಲಿ ಸೌದೆ.

ಈ ಹೆಸರು ತಂದೆತಾಯಿ ಇಟ್ಟದ್ದಲ್ಲ, ಕನ್ನಡ ಕೂಟದ ಗೆಳೆಯರು ಇಟ್ಟದ್ದು. ರಾಲಿ, ಶಾರ್ಲೆಟ್, ಅಟ್ಲಾಂಟಾ ಹೀಗೆ ಅಮೆರಿಕದ ಆಗ್ನೇಯ ಮೂಲೆಯಲ್ಲಿ ಕನ್ನಡಿಗರು ನಾಲ್ಕು ಮನೆ ಸೇರಿದ ಕಡೆ ಇಂಥವರೊಬ್ಬರು ಸಿಕ್ಕಿಯೇ ಸಿಗುತ್ತಾರೆ. ವಾರವೆಲ್ಲ ಸಾಫ್ಟ್‌ವೇರು, ಶನಿವಾರ ಬೋನ್ಸಾಯ್. ಮೈಕ್ರೋವೇವಿನಲ್ಲಿ ಕಾಫಿ ಬಿಸಿಯಾಗುವ ನಲವತ್ತು ಸೆಕೆಂಡು ತಡೆಯಲಾರದೆ ನಡುವೆ ಬಾಗಿಲು ತೆಗೆಯುವ ಮನುಷ್ಯ, ಮೋಟುಮರವೊಂದರ ಗಾಯ ಮಾಯಲಿ ಎಂದು ಎಂಟು ವರ್ಷ ಕಾಯುತ್ತಾರೆ.

ಅವರು ಕೈ ಹಿಡಿದ ಮರ ಸ್ವೀಟ್ ಗಮ್. ಅಲ್ಲಿನ ಪಾಳು ಹೊಲ, ಹಳ್ಳದ ದಂಡೆ, ವಿದ್ಯುತ್ ತಂತಿಯ ಕೆಳಗಿನ ಬಯಲು ಎಲ್ಲೆಂದರಲ್ಲಿ ತಾನಾಗಿ ಏಳುವ ಮರ. ಲಿನೇಯಸ್ 1753ರಲ್ಲಿ ಇದಕ್ಕೆ ಲಿಕ್ವಿಡಾಂಬರ್ ಸ್ಟೈರಾಸಿಫ್ಲುವಾ ಎಂಬ ಗಂಭೀರ ಹೆಸರು ಕೊಟ್ಟನಾದರೂ ಊರಿನವರು ಇದನ್ನು ಬಾಯಿ ತುಂಬ ಬೈಯುತ್ತಾರೆ. ಕಾರಣ ಅದರ ಕಾಯಿ. ನಿಂಬೆಗಿಂತ ಚಿಕ್ಕದು, ಮೈಯೆಲ್ಲ ಮುಳ್ಳು, ಚಳಿಗಾಲವಿಡೀ ಉದುರುತ್ತದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಅದು ಶತ್ರು, ಅಂಗಾಲಿಗೆ ಮಹಾಶತ್ರು. ರಾಲಿ, ಶಾರ್ಲೆಟ್ ಇರುವ ನಾರ್ತ್ ಕೆರೊಲಿನಾದಲ್ಲೇ 1930ರಲ್ಲಿ ಕಾಯಿ ಬಿಡದ, ಎಲೆಯ ತುದಿ ಗುಂಡಗಿರುವ ಒಂದು ತಳಿ ಸಿಕ್ಕಿತು. ಮರ ಬೇಕು, ಕಾಯಿ ಬೇಡ ಎನ್ನುವವರು ಅದನ್ನು ಕೊಂಡು ನೆಡುತ್ತಾರೆ. ನೆರೆಮನೆಯವರು ಕೈಯಿಂದ ದುಡ್ಡು ಕೊಟ್ಟು ಕೀಳಿಸುವ ಇದೇ ಮರವನ್ನು ಬುಡರಾಯರು ಕೈಮುಗಿದು ಕೇಳಿ, ಹೆಂಡತಿಯ ಕಾರಿನಲ್ಲಿ ಮನೆಗೆ ತರುತ್ತಾರೆ.

ಫೆಬ್ರವರಿ ಮುಗಿಯುವ ಹೊತ್ತಿಗೆ, ಮೊಗ್ಗು ಒಡೆಯುವ ಮೊದಲು, ಬೇಟೆ. ಬಡಾವಣೆಗೆಂದು ಕಾಡು ಕಡಿಯುವ ಸುದ್ದಿ ಸಿಕ್ಕರೆ ಬುಲ್ಡೋಜರಿಗಿಂತ ಮುಂಚೆ ಇವರು ಹಾಜರು. ಒಂದು ವಿಷಯದಲ್ಲಿ ಅವರನ್ನು ಮೆಚ್ಚಬೇಕು: ಜಮೀನಿನವರ ಒಪ್ಪಿಗೆಯಿಲ್ಲದೆ ಕಡ್ಡಿ ಮುಟ್ಟುವುದಿಲ್ಲ, ಸರಕಾರಿ ಕಾಡಾದರೆ ಪರವಾನಗಿ ಇಲ್ಲದೆ ಕಾಲಿಡುವುದಿಲ್ಲ. ಮರವನ್ನು ಮೊಣಕಾಲೆತ್ತರಕ್ಕೆ ಕೊಯ್ದು, ಸುತ್ತ ಬೇರು ಗರಗಸದಿಂದ ತುಂಡರಿಸಿ ಎಬ್ಬಿಸುತ್ತಾರೆ. ಹಾಗೆ ಎಬ್ಬಿಸುವಾಗ ಕಾಂಡಕ್ಕೆ ಸುತ್ತಿಕೊಂಡ ಬಳ್ಳಿಯನ್ನು ಬರಿಗೈಯಲ್ಲಿ ಎಳೆದು ಬಿಸಾಡಿದ್ದೂ ಉಂಟು. ಅದು ಪಾಯ್ಸನ್ ಐವಿ. ಎಲೆ ಉದುರಿದ್ದರೂ ಅದರ ರಸಕ್ಕೆ ರಜೆಯಿಲ್ಲ. ಎರಡು ವಾರ ಬುಡರಾಯರು ಆಫೀಸಿನ ವಿಡಿಯೊ ಸಭೆಗಳಲ್ಲಿ ಕ್ಯಾಮೆರಾ ಆರಿಸಿ ಕೆರೆದುಕೊಂಡರು.

ಮನೆಗೆ ಬಂದ ಕೊರಡು ಸಿಮೆಂಟು ಕಲಸುವ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕೂರುತ್ತದೆ. ತಿಂಗಳೆರಡು ತಿಂಗಳಲ್ಲಿ ಕೊಯ್ದ ಅಂಚಿನಿಂದಲೇ ಕೆಂಪು ಚಿಗುರು ಹಣಕುತ್ತದೆ. ಅಷ್ಟು ಗಟ್ಟಿ ಜೀವ. ಆ ದಿನ ವಾಟ್ಸಾಪ್ ಗುಂಪಿಗೆ ಹದಿನಾಲ್ಕು ಫೋಟೊ ಬರುತ್ತವೆ. ಹದಿನಾಲ್ಕರಲ್ಲೂ ಕಾಣುವುದು ಒಂದು ಮೋಟು.

ಮನೆಯೊಳಗಿನ ನಿಜವಾದ ಜಗಳ ಡಿಸೆಂಬರಿನದು. ಅಮೆರಿಕದ ಕನ್ನಡಿಗರ ಮನೆಯಲ್ಲಿ ಕರಿಬೇವಿನ ಕುಂಡಕ್ಕೆ ಮನೆದೇವರ ಸ್ಥಾನ, ಚಳಿ ಬಿದ್ದೊಡನೆ ಅದು ಒಳಗೆ ಬರಬೇಕು. ಸ್ವೀಟ್ ಗಮ್‌ಗೆ ಚಳಿ ಬೇಕೇ ಬೇಕು. ಆದರೆ ತೆಳು ಕುಂಡದಲ್ಲಿನ ಬೇರು ಹೆಪ್ಪುಗಟ್ಟಿದರೆ ಕಷ್ಟ, ಹಾಗಾಗಿ ಅದಕ್ಕೆ ಗ್ಯಾರೇಜು. ಹೀಗೆ ಕರಿಬೇವು ಹಜಾರದಲ್ಲಿ, ಮೂವತ್ತು ಮೋಟುಗಳು ಗ್ಯಾರೇಜಿನಲ್ಲಿ, ಎರಡೂ ಕಾರುಗಳು ಹಿಮದಲ್ಲಿ.

ಜೂನ್ ಬಂದರೆ ಮತ್ತೊಂದು ಕಾಂಡ. ಅಂಗೈಗಿಂತ ಅಗಲದ ಎಲೆ ಪುಟ್ಟ ಮರಕ್ಕೆ ಛತ್ರಿಯಂತೆ ಕಾಣುತ್ತದಲ್ಲ, ಅದಕ್ಕೆ ಎಲ್ಲ ಎಲೆಯನ್ನೂ ತೊಟ್ಟು ಉಳಿಸಿ ಕತ್ತರಿಸುತ್ತಾರೆ. ಮರುಚಿಗುರಿನ ಎಲೆ ಚಿಕ್ಕದಾಗುತ್ತದೆ. ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದ ತಾಯಿ ಬೋಳು ಗಿಡಗಳ ಸಾಲು ನೋಡಿ, "ಅದೇನು ತಪ್ಪು ಮಾಡಿತ್ತೋ? ನೆಲಕ್ಕೆ ಹಾಕಿದ್ದರೆ ನೆರಳಾದರೂ ಕೊಡ್ತಿತ್ತು" ಎಂದರು. ಬುಡರಾಯರು ಪಾಠ ಶುರುಮಾಡಿದರು: ಇದರ ಅಂಟನ್ನು ಹಿಂದೆ ಇಲ್ಲಿನ ಮಕ್ಕಳು ಅಗಿಯುತ್ತಿದ್ದರು, ಇದರ ಒಡಹುಟ್ಟಿದ ಮರ ಟರ್ಕಿಯಲ್ಲಿದೆ, ಅದರ ಅಂಟೇ ನಮ್ಮ ಆಯುರ್ವೇದದ ಶಿಲಾರಸ, ಸಂಸ್ಕೃತದಲ್ಲಿ ತುರುಷ್ಕ. ತಾಯಿ ಪೂರ್ತಿ ಕೇಳಿ, "ಅದು ಗ್ರಂಥಿಗೆ ಅಂಗಡಿಯಲ್ಲೇ ಸಿಗುತ್ತಲ್ಲ" ಎಂದರು.

"ಇದು ಯಾವಾಗ ಮರವಾಗುತ್ತೆ?" ಎಂದು ಯಾರಾದರೂ ಕೇಳಿದರೆ ಬುಡರಾಯರು ವಾಷಿಂಗ್ಟನ್ನಿಗೆ ಕರೆದೊಯ್ಯುತ್ತಾರೆ, ಮಾತಿನಲ್ಲೇ. ಅಲ್ಲಿನ ಬೋನ್ಸಾಯ್ ಮ್ಯೂಸಿಯಮ್ಮಿನಲ್ಲೊಂದು ಬಿಳಿ ಪೈನ್ ಇದೆ. 1625ರಿಂದ ಕುಂಡದಲ್ಲಿದೆ. 1945ರಲ್ಲಿ ಹಿರೋಷಿಮಾದ ಬಾಂಬಿಗೂ ಜಗ್ಗಲಿಲ್ಲ. 1976ರಲ್ಲಿ ಅದರ ಒಡೆಯರಾದ ಯಮಾಕಿ ಮನೆತನದವರು ಅದನ್ನು ಅಮೆರಿಕಕ್ಕೆ ಉಡುಗೊರೆ ಕೊಟ್ಟರು. ಬಾಂಬಿನಿಂದ ಪಾರಾದ ಮರವೆಂಬುದು ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ, ಆ ಮನೆಯ ಮೊಮ್ಮಕ್ಕಳು ನೋಡಲು ಬಂದಾಗ. ಕಥೆ ಮುಗಿಸಿ ತಮ್ಮ ತೊಟ್ಟಿಯ ಕಡೆ ಕೈ ತೋರುತ್ತಾರೆ. ಅದರೊಳಗಿನ ಮೋಟು ಬಂದು ಮೂರು ವರ್ಷವಾಗಿದೆ. ಬುಡ ಮಾತ್ರ, ಹೇಳಲೇಬೇಕು, ಚೆನ್ನಾಗಿದೆ.

ನವೆಂಬರಿನಲ್ಲಿ ಅದೇ ಮೋಟಿನ ಮೇಲೆ ನಕ್ಷತ್ರದಂಥ ಎಲೆಗಳು ಹಳದಿ, ಕೆಂಪು, ನೇರಳೆ ಮೂರೂ ಬಣ್ಣದಲ್ಲಿ ಒಟ್ಟಿಗೆ ನಿಲ್ಲುತ್ತವೆ. ಆಗ ಊಟಕ್ಕೆ ಕರೆ ಬರುತ್ತದೆ. ಹೋಗುವವರು ಅದನ್ನು ಮೇಪಲ್ ಎನ್ನಬೇಡಿ. ಮೇಪಲಿನ ಎಲೆ ಜೋಡಿಜೋಡಿಯಾಗಿ ಎದುರುಬದುರು ಹುಟ್ಟುತ್ತದೆ, ಇದರದು ಒಂದು ಬಿಟ್ಟು ಒಂದು ಎಂಬ ಪಾಠ ಮುಗಿಯುವಷ್ಟರಲ್ಲಿ ಬಿಸಿಬೇಳೆಬಾತ್ ಆರಿರುತ್ತದೆ. ಹಿತ್ತಲಲ್ಲಿ ಒಂದು ಪೂರ್ತಿ ಬೆಳೆದ ಸ್ವೀಟ್ ಗಮ್ಮನ್ನೂ ಅವರು ಕಡಿಯದೆ ಉಳಿಸಿಕೊಂಡಿದ್ದಾರೆ. ಆದ್ದರಿಂದ ಚಪ್ಪಲಿಯನ್ನು ಹಜಾರದ ಬಾಗಿಲಲ್ಲೇ ಬಿಟ್ಟು ಗಿಡ ನೋಡಲು ಹಿತ್ತಲಿಗೆ ಇಳಿಯಬೇಡಿ.