ನುಂಗಲೊಲ್ಲದ ಕೋವಿ

ಗುಜರಾತಿನಲ್ಲಿ ಮದ್ಯಕ್ಕೂ ಪರ್ಮಿಟ್ಟು ಬೇಕು, ಮದ್ದಿಗೂ ಪರ್ಮಿಟ್ಟು ಬೇಕು. ಮೊದಲನೆಯದು ನನ್ನಲ್ಲಿಲ್ಲ. ಡಾಕ್ಟರ ಚೀಟಿ, ಅರ್ಜಿ, ಫೀಸು ಎಂದು ಅಷ್ಟೆಲ್ಲ ಓಡಾಡಿ ಕುಡಿಯುವಷ್ಟು ಬಾಯಾರಿಕೆ ನನಗೆ ಯಾವತ್ತೂ ಆಗಿಲ್ಲ. ಎರಡನೆಯದು ಅಪ್ಪನ ಕಡೆಯಿಂದ ತಾನಾಗಿ ಬಂತು. ಅಪ್ಪ ಹೋದ ಮೇಲೆ ಮೂಡಿಗೆರೆಯ ಜಮೀನು ಅಣ್ಣನಿಗೆ, ತಾಮ್ರದ ಹಂಡೆ ಅಕ್ಕನಿಗೆ, ಬೀಟೆಯ ಮಂಚ ತಂಗಿಗೆ ಎಂದು ಹಂಚಿಕೆಯಾಗಿ, ಯಾರಿಗೂ ಬೇಡವಾದ ಕೋವಿಯೊಂದು ಉಳಿಯಿತು. ಬ್ಯಾಂಕಿನಲ್ಲಿ ನಿವೃತ್ತನಾಗಿ ವಡೋದರಾದಲ್ಲೇ ಬೇರುಬಿಟ್ಟಿದ್ದ ನನಗೆ ಅರ್ಜಿ ಬರೆಯುವುದು, ಕಡತದ ಹಿಂದೆ ಅಲೆಯುವುದು ಅಭ್ಯಾಸವಿದೆಯೆಂಬ ಒಂದೇ ಕಾರಣಕ್ಕೆ ಅದು ನನ್ನ ಪಾಲಿಗೆ ಬಿತ್ತು.

ಮಲೆನಾಡಿನ ಮನೆಮನೆಯಲ್ಲಿ ಇರುತ್ತಿದ್ದ ಕೇಪಿನ ಕೋವಿ ಇದಲ್ಲ, ಜೋಡು ನಳಿಗೆಯ ತೋಟಾ ಕೋವಿಯೂ ಅಲ್ಲ. ಕಾಫಿ ತೋಟ ಮಾರಿ ಸೀಮೆಗೆ ಹೊರಟ ಇಂಗ್ಲಿಷ್ ದೊರೆಯೊಬ್ಬ ಅಜ್ಜನ ಕೈಗಿತ್ತು ಹೋದ ವಿಂಚೆಸ್ಟರ್ 1873. ಕೌಬಾಯ್ ಪಿಕ್ಚರು ನೋಡಿದವರಿಗೆಲ್ಲ ಇದು ಗೊತ್ತು. ಹಿಡಿಯ ಕೆಳಗಿರುವ ಲಿವರನ್ನು ಕಟಕ್ಕೆಂದು ಮುಂದೆ ದೂಡಿ, ಕಟಕ್ಕೆಂದು ಹಿಂದೆಳೆದು, ಈಡಿನ ಮೇಲೆ ಈಡು ಹೊಡೆಯುತ್ತಾರಲ್ಲ, ಅದೇ. 1950ರಲ್ಲಿ ಜೇಮ್ಸ್ ಸ್ಟೂವರ್ಟ್ ನಾಯಕನಾಗಿದ್ದ ‘ವಿಂಚೆಸ್ಟರ್ 73’ ಚಿತ್ರದ ಕಥೆಯೆಲ್ಲ ಈ ಕೋವಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದೇ. ಆಲಿವರ್ ವಿಂಚೆಸ್ಟರ್ ಕೋವಿಗೆ ಕೈಹಾಕುವ ಮೊದಲು ಅಂಗಿ ಹೊಲಿಸಿ ಮಾರುತ್ತಿದ್ದ ಆಸಾಮಿ. ಹೀಗೆ ಜವಳಿಯವನ ಕೋವಿ ಊರೂರು ಅಲೆದು ಕೊನೆಗೆ ಜವಳಿಯವರ ನಾಡಿಗೇ ಬಂತು. ಅವನ ಸೊಸೆ ಸಾರಾ ಕ್ಯಾಲಿಫೋರ್ನಿಯಾದಲ್ಲಿ 1922ರಲ್ಲಿ ಸಾಯುವತನಕ ಒಂದು ಮನೆಯನ್ನು ಕಟ್ಟಿಸಿದ್ದೇ ಕಟ್ಟಿಸಿದ್ದು. ಹತ್ತಿಕೊಂಡು ಹೋದರೆ ಸೂರಿಗೆ ತಲೆ ಬಡಿದು ನಿಲ್ಲುವ ಮೆಟ್ಟಿಲು ಈಗಲೂ ಅಲ್ಲಿದೆಯಂತೆ. ಮುಂದೆ ಹೋಗಬೇಕಾದದ್ದು ಅರ್ಧಕ್ಕೇ ನಿಲ್ಲುವುದು ಆ ಮನೆತನದ ಗುಣವೇ ಇರಬೇಕು.

ಈ ಕೋವಿಯ ತೋಟಾಕ್ಕೆ 44-40 ಎಂದು ಹೆಸರು. ಗುಂಡಿನ ಅಡ್ಡಳತೆ ಹೆಸರಿಗೆ ಇಂಚಿನ ನೂರರಲ್ಲಿ 44 ಪಾಲು, ಒಳಗೆ ತುಂಬಿದ್ದು 40 ಗ್ರೇನ್ ಕರಿಮದ್ದು. ನಮ್ಮ ಕಡೆಯ ಕೋವಿ ಅಂಗಡಿಗಳಲ್ಲಿ 12 ಬೋರು ಕೇಳಿ, 315 ಕೇಳಿ, ತೆಗೆದುಕೊಡುತ್ತಾರೆ; 44-40 ಕೇಳಿದರೆ ಮುದುಕರ ಕುಶಲ ವಿಚಾರಿಸುವ ದನಿಯಲ್ಲಿ ‘ಮನೆಯಲ್ಲಿ ಎಲ್ಲ ಸೌಖ್ಯವೇ’ ಎನ್ನುತ್ತಾರೆ. ಹಾಗಾಗಿ ಅಪ್ಪನ ಕಾಲದಲ್ಲೇ ಅದು ಈಡು ಬಿಟ್ಟಿತ್ತು. ಚುನಾವಣೆ ಬಂದಾಗಲೆಲ್ಲ ಎಲ್ಲ ಲೈಸೆನ್ಸುದಾರರಂತೆ ನಾನೂ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತೇನೆ. ತೋಟಾವೇ ಇಲ್ಲದ ಕೋವಿಯಿಂದ ಪ್ರಜಾಪ್ರಭುತ್ವಕ್ಕೇನು ಅಪಾಯವೆಂದು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ನಮ್ಮ ಮಹಡಿಯಲ್ಲಿ ನಾವೊಬ್ಬರೇ ಕನ್ನಡದವರು, ಉಳಿದವರೆಲ್ಲ ಜೈನರು. ಠಾಣೆಯಿಂದ ಕೋವಿ ವಾಪಸು ತರುವಾಗ ಎದುರುಮನೆಯಾಕೆ, ಇಲ್ಲಿನವರ ಮಾತಿನಲ್ಲಿ ಬೆನ್, ಒಮ್ಮೆ ನೋಡಿಬಿಟ್ಟರು. ಸಂಜೆ ಖಾಖರಾ ಡಬ್ಬಿ ಹಿಡಿದು ವಿಚಾರಣೆಗೇ ಬಂದರು. ಇದಕ್ಕೆ ತೋಟಾ ಸಿಗುವುದಿಲ್ಲ, ಐವತ್ತು ವರ್ಷದಿಂದ ಇದು ಏನನ್ನೂ ಕೊಂದಿಲ್ಲ ಎಂದು ನನ್ನ ಹೆಂಡತಿ ವಿವರಿಸಿದಳು. ಬೆನ್ನರ ಮುಖ ಅರಳಿತು. “ಅಂದರೆ ಉಪವಾಸದಲ್ಲಿದೆ ಅನ್ನಿ” ಎಂದು ಗೌರವದಿಂದ ಕೈಮುಗಿದು ಹೋದರು. ಅವರ ಯಜಮಾನರ ಚಿಂತೆ ಬೇರೆ. ಸಿಗಲಾರದ ಸಾಮಾನಿಗಾಗಿ ಲೈಸೆನ್ಸು ನವೀಕರಿಸುತ್ತ ಹೋಗುವುದರಲ್ಲಿ ಲಾಭವೇನು ಎಂದು ಅವರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಈಗಲೂ ಕೇಳುತ್ತಾರೆ.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಖವಾಗಿತ್ತು. ಬಿಡಲಿಲ್ಲ, ಮೂಡಿಗೆರೆಯ ಚಿಕ್ಕಪ್ಪ. ಎಂಬತ್ತು ದಾಟಿದರೂ ಕೋವಿಯ ವಿಷಯ ಬಂದರೆ ಅವರ ಕಿವಿ ನೆಟ್ಟಗಾಗುತ್ತದೆ. “ಹಂಗೇ ಗೋಡೆಗೆ ಆನ್ಸಿ ಇಟ್ರೆ ಲಿವರ್ ಹಿಡ್ಕೊಳ್ತದೆ ಮಾರಾಯ. ಡಮ್ಮಿ ತೋಟಾ ಮಾಡಿಸಿ ತಿಂಗಳಿಗೊಂದ್ಸಲ ಆಡಿಸ್ತಾ ಇರು” ಎಂದು ಫೋನಿನಲ್ಲಿ ಅಪ್ಪಣೆಯಾಯಿತು. ಮಾದರಿಗೆಂದು ಅಜ್ಜನ ಕಾಲದ ಒಂದು ತೋಟಾವನ್ನು ತಾವೇ ಇಕ್ಕಳದಲ್ಲಿ ಕಿತ್ತು, ಮದ್ದು ಸುರಿದು, ಗುಂಡನ್ನು ತಿರುಗಿ ಕೂರಿಸಿ, ಊರಿಗೆ ಹೋಗಿದ್ದ ನನ್ನ ಮಗನ ಕೈಯಲ್ಲಿ ಕಳಿಸಿದರು. ಮಕರ್‌ಪುರಾ ಕೈಗಾರಿಕಾ ವಸಾಹತಿನಲ್ಲಿ ಲೇತ್ ಇಟ್ಟುಕೊಂಡಿದ್ದ ನಮ್ಮ ಬ್ಯಾಂಕಿನ ಹಳೇ ಗಿರಾಕಿಯೊಬ್ಬರು ಅದನ್ನು ನೋಡಿ, ಗಟ್ಟಿ ಹಿತ್ತಾಳೆಯಲ್ಲಿ ಒಂದು ಡಜನ್ ಡಮ್ಮಿ ಕಡೆದುಕೊಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ, ಮದುವೆಯಲ್ಲಿ ಉಡುಗೊರೆ ಕೊಡಬಹುದಾದಷ್ಟು ಚಂದದ ಕೆಲಸ.

ಕೋವಿ ಅವನ್ನು ನುಂಗಲೊಲ್ಲದು. ಒಂದೇ ಒಂದು ಹಾಕಿದರೆ ಸಲೀಸಾಗಿ ಮೇಲೆ ಬಂದು ನಳಿಗೆಯೊಳಗೆ ಕೂರುತ್ತಿತ್ತು. ಎರಡನೆಯದನ್ನು ಅದರ ಹಿಂದೆ ತುರುಕಿದರೆ ಲಿವರ್ ಮುಕ್ಕಾಲು ದೂರ ಹೋಗಿ ಗಕ್ಕನೆ ನಿಲ್ಲುತ್ತಿತ್ತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

ಕೋವಿ ಕೆಟ್ಟಿದೆಯೆಂದರೆ ಸಾಕು, ಗಂಡಸರೆಲ್ಲ ವೈದ್ಯರಾಗುತ್ತಾರೆ. ಚಿಕ್ಕಪ್ಪನ ಪ್ರಕಾರ ತಪ್ಪು ನನ್ನ ಕೈಯದು: “ನೀನು ಬ್ಯಾಂಕಲ್ಲಿ ರಬ್ಬರ್ ಸ್ಟ್ಯಾಂಪ್ ಒತ್ತಿದ ಹಂಗೆ ಮೆಲ್ಲಗೆ ಆಡಿಸ್ತೀಯ. ಲಿವರ್ ಕೊನೇತನಕ ಹೊಡೀಬೇಕು, ಗಟ್ಟಿಯಾಗಿ!” ಇದು ಸುಳ್ಳಲ್ಲ. ಲಿವರ್ ಕೋವಿಗಳು ಅರ್ಧಂಬರ್ಧ ಎಳೆತವನ್ನು ಸಹಿಸುವುದಿಲ್ಲ. ಗಟ್ಟಿಯಾಗಿ ಹೊಡೆದೆ. ಕೋವಿ ಗಟ್ಟಿಯಾಗಿಯೇ ಸಿಕ್ಕಿಕೊಂಡಿತು. ಮಗನ ಪ್ರಕಾರ ನೂರು ವರ್ಷದ ಎಣ್ಣೆಜಿಡ್ಡು ಒಳಗೆ ಅಂಟಾಗಿದೆ. ಅದೂ ಇದ್ದೀತೆಂದು ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದ್ದಾಯಿತು. ಮನೆಯ ತುಂಬ ಸೀಮೆಎಣ್ಣೆಯ ವಾಸನೆಯಾಯಿತೇ ಹೊರತು ಬೇರೇನೂ ಆಗಲಿಲ್ಲ.

ಸೂರತ್ತಿನಲ್ಲಿ ಹೋಟೆಲಿಟ್ಟಿರುವ ಕುಂದಾಪುರದ ಗೆಳೆಯನ ತೀರ್ಮಾನ ಎಲ್ಲಕ್ಕಿಂತ ಖಡಾಖಂಡಿತ: ಸ್ಪ್ರಿಂಗು ಸತ್ತಿದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಸಾಲಾಗಿ ಮಲಗಿರುತ್ತವೆ, ಅವನ್ನು ಹಿಂದಕ್ಕೆ ನೂಕುವುದು ಒಂದು ಉದ್ದನೆಯ ಸ್ಪ್ರಿಂಗು. ಅದು ಸೋತರೆ ತೋಟಾ ಬರುವುದು ಹೇಗೆ? “ನಮ್ಮ ಸೂರತ್ತಲ್ಲಿ ಪವರ್‌ಲೂಮಿಲ್ಲದ ಗಲ್ಲಿ ಇತ್ತಾ? ಲೂಮಿನ ಸ್ಪ್ರಿಂಗಿಗೆ ಬರಗಾಲ ಇತ್ತಾ?” ಎಂದು ಅವನು ಮುಂದಿನ ಸಲ ಬರುವಾಗ ಒಂದು ಕಟ್ಟು ಸ್ಪ್ರಿಂಗನ್ನೇ ತಂದುಕೊಟ್ಟ. ಜತೆಗೆ ಘಾರಿ ಎಂಬ ಸಿಹಿಯನ್ನೂ ತಂದಿದ್ದ, ಅದು ಮಾತ್ರ ಆ ರಾತ್ರಿಯೇ ಉಪಯೋಗಕ್ಕೆ ಬಂತು. ಸೂರತ್ತಿನ ಸಲಹೆಯನ್ನು ಸ್ವಲ್ಪ ಎಚ್ಚರದಿಂದಲೇ ಕೇಳಬೇಕು. 1907ರ ಕಾಂಗ್ರೆಸ್ ಅಧಿವೇಶನ ಅಲ್ಲೇ ನಡೆದದ್ದು. ಅಧ್ಯಕ್ಷರಾಗಿ ರಾಸ್‌ಬಿಹಾರಿ ಘೋಷರು ಮಾತಾಡಲು ಎದ್ದರೆ, ತಿಲಕರೂ ಅದೇ ವೇದಿಕೆ ಏರಿ ನಿಂತರು. ಮುಂದೆ ಹಾರಿದ್ದು ಚಪ್ಪಲಿ.

ಕೋವಿಯನ್ನು ಕಂಡಕಂಡ ಮೆಕ್ಯಾನಿಕ್ಕಿನ ಕೈಗೆ ಕೊಡುವ ಹಾಗಿಲ್ಲ. ರಿಪೇರಿ ಮಾಡುವವನಿಗೂ ಲೈಸೆನ್ಸು ಬೇಕು. ವಿಚಾರಿಸುತ್ತ ಹೋಗಿ ಕೊನೆಗೆ ಅಹಮದಾಬಾದಿನ ಕೋಟೆಯೊಳಗಿನ ಊರಿನಲ್ಲಿ ಒಬ್ಬ ಚಾಚಾ ಸಿಕ್ಕರು. ಕಾಗದಪತ್ರವನ್ನೆಲ್ಲ ಎದೆಗವಚಿಕೊಂಡು, ಕೋವಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಮಗನ ಕಾರಿನಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿದು ಹೊರಟೆವು.

ಗಾಂಧೀಜಿಯ ಊರಿಗೆ ಕೋವಿ ಒಯ್ಯುತ್ತಿದ್ದೇವಲ್ಲ ಎಂದು ಹೆಂಡತಿ ದಾರಿಯುದ್ದಕ್ಕೂ ಸಂಕೋಚಪಟ್ಟಳು. ಅವಳಿಗೆ ಸಮಾಧಾನ ಹೇಳಲು ನನ್ನ ಹತ್ತಿರ ಮಾವಳಂಕರರಿದ್ದರು. ಗಣೇಶ ವಾಸುದೇವ ಮಾವಳಂಕರ್ 1888ರಲ್ಲಿ ನಮ್ಮ ಬರೋಡಾದಲ್ಲೇ ಹುಟ್ಟಿದವರು, ಅಹಮದಾಬಾದಿನಲ್ಲಿ ವಕೀಲಿ ಮಾಡಿದವರು, ಗಾಂಧೀಜಿಯ ಹಿಂದೆ ಹೋಗಿ ಜೈಲು ಕಂಡವರು, 1952ರಲ್ಲಿ ಮೊದಲ ಲೋಕಸಭೆಯ ಸ್ಪೀಕರಾದವರು. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆಯನ್ನು ಹುಟ್ಟುಹಾಕಿದ್ದೂ ಇದೇ ಖಾದಿಧಾರಿ! ಇವತ್ತಿಗೂ ದೇಶದ ಹುಡುಗ ಹುಡುಗಿಯರು ಶೂಟಿಂಗಿನಲ್ಲಿ ಮೇಲೆ ಬರಬೇಕಾದರೆ ಅವರ ಹೆಸರಿನ ಪಂದ್ಯಾವಳಿಯನ್ನು ದಾಟಿ ಬರುತ್ತಾರೆ. ಸಾಬರಮತಿಯ ದಂಡೆಯ ಖಾನ್‌ಪುರದಲ್ಲಿ ರೈಫಲ್ ಕ್ಲಬ್ಬೂ ಇದೆ. ಇಷ್ಟನ್ನೂ ಕೇಳಿದ ಹೆಂಡತಿ, “ಅವರ ಕೋವಿ ಹಾರ್ತಿತ್ತಲ್ಲ” ಎಂದಳು.

ಚಾಚಾರ ಅಂಗಡಿ ನಮ್ಮ ಅಡಿಗೆಮನೆಯ ಅರ್ಧವಿದೆ. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಲೈಸೆನ್ಸು, ಅದರ ಕೆಳಗೆ ಅದನ್ನು ಕೊಡಿಸಿದ ಅವರ ಅಪ್ಪ. ಕೋವಿ ಖಾಲಿಯಿದೆಯೋ ಎಂದು ಮೊದಲು ತಾವೇ ಬೆರಳು ಹಾಕಿ ನೋಡಿದರು. ನನ್ನ ಮಾತನ್ನು ನಂಬಲಿಲ್ಲ. ಅದರಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು. ಪಕ್ಕದ ಒಂದೇ ಒಂದು ಸ್ಕ್ರೂ ತಿರುಗಿಸಿ ತೆಗೆದರು. ಎರಡೂ ಕಡೆಯ ತಗಡು ಬಿಚ್ಚಿ ಬಂದು ಕೋವಿಯ ಹೊಟ್ಟೆಯೊಳಗೆಲ್ಲ ಬಯಲಾಯಿತು. ಮೊಣಕೈಯ ಹಾಗೆ ಮಡಚುವ ಕೊಂಡಿಗಳು, ಅವುಗಳ ನಡುವೆ ಹಳದಿಗಟ್ಟಿದ ಹಿತ್ತಾಳೆಯ ಒಂದು ಗಟ್ಟಿ. ಕ್ಯಾರಿಯರ್ ಎನ್ನುವುದು ಅದನ್ನೇ. ಕೊಳವೆಯಿಂದ ಬಂದ ತೋಟಾವನ್ನು ಅಡ್ಡಡ್ಡ ಹೊತ್ತುಕೊಂಡು ನೆಟ್ಟಗೆ ಮೇಲೇರಿ ನಳಿಗೆಯ ಬಾಯಿಗೆ ಒಪ್ಪಿಸುವುದು ಅದರ ಕೆಲಸ.

ನಾನು ಸ್ಪ್ರಿಂಗಿನ ಕಟ್ಟನ್ನು ಮುಂದಿಟ್ಟೆ. ಚಾಚಾ ಒಂದನ್ನೆತ್ತಿ ಬೆರಳಲ್ಲಿ ಅಮುಕಿ ನೋಡಿ ನಕ್ಕರು. “ಹಾಕಿ ತೋರಿಸಲೇ?” ಎಂದು ನಿಜವಾಗಿಯೂ ಹಾಕಿದರು. ಮೊದಲು ಮುಕ್ಕಾಲು ದೂರ ಹೋಗುತ್ತಿದ್ದ ಲಿವರ್ ಈಗ ಅರ್ಧದಲ್ಲೇ ಹಟ ಹಿಡಿಯಿತು. ಸ್ಪ್ರಿಂಗು ಸೋತದ್ದಾಗಿದ್ದರೆ ತೋಟಾ ಬರುತ್ತಲೇ ಇರಲಿಲ್ಲ. ಇಲ್ಲಿ ಬರುವುದು ಹೆಚ್ಚಾಗಿದೆ ಎಂದರು ಚಾಚಾ. ಸೂರತ್ತಿನ ಸ್ಪ್ರಿಂಗನ್ನು ಮರ್ಯಾದೆಯಿಂದ ನನ್ನ ಕೈಗೇ ವಾಪಸು ಕೊಟ್ಟರು.

ಆಮೇಲೆ ತೆರೆದ ಹೊಟ್ಟೆಯಲ್ಲೇ ಎರಡು ಡಮ್ಮಿ ಹಾಕಿ, ಟಾರ್ಚು ಹಿಡಿದು, “ಕಣ್ಣು ಇಲ್ಲಿಡಿ” ಎಂದರು. ಮೊದಲನೆಯದು ಕ್ಯಾರಿಯರಿನಲ್ಲಿ ಮಲಗಿತ್ತು. ಅದರ ಮೂಗಿನ ಮುಂದೆ ಅಕ್ಕಿಕಾಳಿನಷ್ಟು ಜಾಗ ಖಾಲಿ. ಆ ಖಾಲಿ ಜಾಗಕ್ಕೆ ಕೊಳವೆಯಲ್ಲಿದ್ದ ಎರಡನೆಯದರ ಹಿಮ್ಮಡಿ ಮೆಲ್ಲಗೆ ನುಸುಳಿ ನಿಂತಿತ್ತು. ಕ್ಯಾರಿಯರ್ ಮೇಲೇಳಹೊರಟರೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತವನು ಬಿಡಬೇಕಲ್ಲ! “ನಿಮ್ಮ ಬಿಲ್ಡಿಂಗಿನಲ್ಲಿ ಲಿಫ್ಟಿಲ್ಲವೇ? ಬಾಗಿಲಲ್ಲಿ ಯಾರದೋ ಚೀಲ ಸಿಕ್ಕಿಕೊಂಡರೆ ಏರುತ್ತದೆಯೇ?” ಎಂದು ಚಾಚಾ ಕೇಳಿದರು. ನನಗೆ ಘೋಷರೂ ತಿಲಕರೂ ಕಣ್ಣಿಗೆ ಕಟ್ಟಿದರು.

ಈ ಕೋವಿಯ ಗುಟ್ಟು ಇರುವುದು ಇಲ್ಲೇ. ಕೊಳವೆಯ ಬಾಯಲ್ಲಿ ಎರಡನೇ ತೋಟಾವನ್ನು ತಡೆದು ನಿಲ್ಲಿಸಲು ಇದರಲ್ಲಿ ಬೇರೆ ಅಗುಳಿಯಿಲ್ಲ. ಮೊದಲನೆಯದರ ಮೂಗೇ ಅಗುಳಿ. ತೋಟಾ ಕ್ಯಾರಿಯರಿನಷ್ಟೇ ಉದ್ದವಿದ್ದರೆ ಹಿಂದಿನದು ಹೊಸ್ತಿಲಾಚೆ ತೆಪ್ಪಗೆ ಕಾಯುತ್ತದೆ. ಗಿಡ್ಡವಾದರೆ ಅದು ಒಳಕ್ಕೆ ಕಾಲಿಡುತ್ತದೆ. ಉದ್ದವಾದರೆ ಮೊದಲನೆಯದೇ ಮೂಗನ್ನು ಕೊಳವೆಯೊಳಗೆ ಚಾಚಿಕೊಂಡು ನಿಲ್ಲುತ್ತದೆ. ಎರಡರಲ್ಲೂ ಲಿವರ್ ಕದಲದು. 44-40 ತೋಟಾದ ಪೂರ್ತಿ ಉದ್ದ 1.592 ಇಂಚು, ಅಂದರೆ ಸುಮಾರು 40.4 ಮಿಲಿಮೀಟರ್. ಚಾಚಾ ವರ್ನಿಯರ್ ಹಿಡಿದರು. ನಮ್ಮ ಚಂದದ ಡಮ್ಮಿಗಳು ಒಂದೂ ತಪ್ಪದಂತೆ ಎರಡು ಮಿಲಿಮೀಟರ್ ಗಿಡ್ಡ.

ಲೇತಿನವರು ಹಾಗೆ ಮಾಡುವವರಲ್ಲವೆಂದು ನಾನು ವಾದಿಸಿದೆ. ಜೇಬಿನಲ್ಲಿದ್ದ ಮೂಲ ಮಾದರಿಯನ್ನೂ ಕೊಟ್ಟೆ. ಅದೂ ಎರಡು ಮಿಲಿಮೀಟರ್ ಗಿಡ್ಡ! ಮಕರ್‌ಪುರಾದವರು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಕಡೆದಿದ್ದರು. ಚಾಚಾ ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದರ ಮದ್ದು ತೆಗೆದವರು ಯಾರು ಎಂದರು. ಚಿಕ್ಕಪ್ಪ ಎಂದೆ. ಬೆರಳುಗಳೆಲ್ಲ ಇವೆಯೇ ಎಂದು ಕೇಳಿದರು. ಇವೆ ಎಂದೆ. “ಅಲ್ಲಾಹ್ ದೊಡ್ಡವನು” ಎಂದು ಮೇಲೆ ನೋಡಿದರು.

ಆಮೇಲೆ ವಿವರಿಸಿದರು. ಕರಿಮದ್ದಿನ ಕಾಲದ ತೋಟಾದಲ್ಲಿ ಹಿತ್ತಾಳೆಯ ಕೊಳವೆ ಪೂರ್ತಿ ಮದ್ದಿನಿಂದ ತುಂಬಿರುತ್ತಿತ್ತು. ಗುಂಡು ಆ ಮದ್ದಿನ ಮೇಲೇ ಕೂರುತ್ತಿದ್ದುದರಿಂದ ಒಳಕ್ಕೆ ಜಾರುವಂತಿರಲಿಲ್ಲ. ಮದ್ದು ಸುರಿದುಬಿಟ್ಟರೆ ಕೆಳಗೆ ಆಸರೆ ಎಲ್ಲಿಂದ ಬರಬೇಕು? ಗುಂಡನ್ನು ತಿರುಗಿ ಕೂರಿಸುವಾಗ ಯಾರೋ ಸುತ್ತಿಗೆಯಲ್ಲಿ ಒಂದೇಟು ಹೆಚ್ಚಾಗಿ ಹಾಕಿದ್ದಾರೆ ಎಂದರು. ಆ ‘ಯಾರೋ’ ಶಬ್ದದಲ್ಲಿದ್ದ ದಾಕ್ಷಿಣ್ಯವನ್ನು ಅಹಮದಾಬಾದಿನ ಹಳೇ ಜನರಿಂದ ಕಲಿಯಬೇಕು.

ಚಾಚಾ ಹಳೇ ಸ್ಪ್ರಿಂಗನ್ನೇ ಒರೆಸಿ ಹಾಕಿದರು. ಅದಕ್ಕೇನೂ ಆಗಿರಲಿಲ್ಲ. ಹೊಸ ಡಮ್ಮಿಗಳ ಅಳತೆಯನ್ನು ಚೀಟಿಯಲ್ಲಿ ಬರೆದು, ಮೂಗು ಚಪ್ಪಟೆಯಾಗಿಯೇ ಇರಲಿ ಎಂದು ಅಡಿಗೆರೆ ಹಾಕಿದರು. ಕೊಳವೆಯಲ್ಲಿ ಒಂದರ ಮೂಗು ಇನ್ನೊಂದರ ಬೆನ್ನಿನ ಕೇಪಿಗೆ ತಾಗಿಕೊಂಡು ಮಲಗುವುದರಿಂದ, ನಿಜವಾದ ತೋಟಾಕ್ಕೆ ಚೂಪು ಮೂಗಿದ್ದರೆ ಅದೇ ಸೂಜಿಯಾದೀತು. ಡಮ್ಮಿಗೆ ಕೇಪಿಲ್ಲ, ಆದರೂ ಚಾಳಿ ಒಳ್ಳೆಯದಿರಲಿ ಎಂದರು. ಬಿಲ್ಲು ಬಹಳ ಕಡಿಮೆ. ಚಹಾದ ದುಡ್ಡನ್ನೂ ಅವರೇ ಕೊಟ್ಟರು.

40.4ರ ಡಮ್ಮಿಗಳು ಬಂದ ದಿನ ಹನ್ನೆರಡನ್ನೂ ತುಂಬಿ ಲಿವರ್ ಆಡಿಸಿದೆ. ಒಂದರ ಹಿಂದೆ ಒಂದು ಮೇಲೆ ಬಂದು, ಠಣ್ಣೆಂದು ಹಾರಿ, ಸೋಫಾದ ಕೆಳಗೆ, ಟಿ.ವಿ.ಯ ಹಿಂದೆ, ಒಂದು ಸೀದಾ ತೆರೆದ ಬಾಗಿಲಿನಾಚೆ ಬೆನ್ನರ ರಂಗೋಲಿಯ ಮೇಲೆ ಹೋಗಿ ಬಿತ್ತು. ಬೆನ್ ಅದನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಬಂದರು. ಉಪವಾಸ ಮುರಿಯಿತೇ ಎಂದು ಅವರ ಕಣ್ಣಲ್ಲಿ ಗಾಬರಿಯಿತ್ತು. ಬರೀ ಹಿತ್ತಾಳೆ ಎಂದು ತೋರಿಸಿದ ಮೇಲೆ ಅವರ ಯಜಮಾನರೂ ಬಂದು ಅದನ್ನು ಅಂಗೈಯಲ್ಲಿ ತೂಗಿ, ಹಿತ್ತಾಳೆ ಇವತ್ತು ಕಿಲೋಗೆ ಏನು ಭಾವವಿದೆಯೆಂದು ತಿಳಿಸಿದರು.

ರಾತ್ರಿ ಚಿಕ್ಕಪ್ಪನಿಗೆ ಫೋನು ಮಾಡಿದೆ. ಕ್ಯಾರಿಯರು, ಹಿಮ್ಮಡಿ, ಮದ್ದಿನ ಆಸರೆ, ಎರಡು ಮಿಲಿಮೀಟರು, ಎಲ್ಲವನ್ನೂ ಆದಷ್ಟು ನಯವಾಗಿ ಹೇಳಿದೆ. ಸುತ್ತಿಗೆಯ ವಿಷಯ ಬಂದಾಗ ನಾನೂ ‘ಯಾರೋ’ ಎಂದೇ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು.

“ಅದೆಲ್ಲ ಇರ್ಲಿ ಮಾರಾಯ. ಆ ಮನುಷ್ಯನ ವರ್ನಿಯರ್ ಸರಿ ಉಂಟಾ ಅಂತ ಒಂದ್ಸಲ ಕೇಳು.”