ಪಿ-ಮತ ಪ್ರಕಾಶಿಕೆ

ಮತಗಳು ಬೆಟ್ಟದ ಮೇಲೋ ಮರದ ಕೆಳಗೋ ಹುಟ್ಟುವುದು ವಾಡಿಕೆ. ಮನಶ್ಶಾಸ್ತ್ರ ವಿಭಾಗಗಳಲ್ಲಿ ಅಪಾರ ಭಯಭಕ್ತಿಯಿಂದ ಆಚರಣೆಯಲ್ಲಿರುವ ಪಿ-ಮತವಾದರೋ, ಐತಿಹ್ಯದ ಪ್ರಕಾರ, ಟೀ ಹೊತ್ತಿನಲ್ಲಿ ಹುಟ್ಟಿತು. 1920ರ ದಶಕ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ. ಪಾಚಿಗಳ ತಜ್ಞೆ ಮ್ಯೂರಿಯಲ್ ಬ್ರಿಸ್ಟಲ್, ಹಾಲಿಗೆ ಟೀ ಸುರಿದದ್ದೋ ಟೀಗೆ ಹಾಲು ಸುರಿದದ್ದೋ ರುಚಿ ನೋಡಿಯೇ ಹೇಳಬಲ್ಲೆ ಎಂದರು. ಎರಡನ್ನೂ ಒಟ್ಟಿಗೇ ಕುದಿಸುವ ನಮ್ಮ ನಾಡಿನಲ್ಲಾಗಿದ್ದರೆ ಈ ಶಾಸ್ತ್ರವೇ ಹುಟ್ಟುತ್ತಿರಲಿಲ್ಲ ಎಂಬ ಅಂಶ ವಿದ್ವಾಂಸರ ಕಣ್ಣಿಗೆ ಬಿದ್ದಂತಿಲ್ಲ.

ಅಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ನಕ್ಕು ಸುಮ್ಮನಾಗಲಿಲ್ಲ, ಲೆಕ್ಕ ಹಾಕಿದರು. ಎಂಟು ಕಪ್ಪು; ನಾಲ್ಕು ಹೀಗೆ, ನಾಲ್ಕು ಹಾಗೆ. ಎಂಟರಲ್ಲಿ ನಾಲ್ಕನ್ನು ಆರಿಸುವ ದಾರಿಗಳು 70. ಸುಮ್ಮನೆ ಊಹಿಸಿದವರಿಗೂ ಎಲ್ಲವೂ ಸರಿಬರುವ ಸಂಭವ 70ರಲ್ಲಿ ಒಂದು, ಅಂದರೆ 0.014. ಆದರೆ ನಾಲ್ಕರಲ್ಲಿ ಮೂರನ್ನಾದರೂ ಗುರುತಿಸುವ ಸಂಭವ 70ರಲ್ಲಿ 17. ಒಂದೇ ಕಪ್ಪು ತಪ್ಪಿದರೂ, ನಾಲಿಗೆಯ ಆ ಮಹಿಮೆಯನ್ನು ಬರೀ ಅದೃಷ್ಟವೂ ಸುಮಾರು ನಾಲ್ಕರಲ್ಲಿ ಒಂದು ಸಲ ಸಾಧಿಸಿಬಿಡುತ್ತದೆ.

ಪಿ-ಮತದ ವಾದಕ್ರಮ ನಮ್ಮ ತಾರ್ಕಿಕರಿಗೆ ಹೊಸದೇನಲ್ಲ. "ಆಕೆಗೆ ಯಾವ ಶಕ್ತಿಯೂ ಇಲ್ಲ" ಎಂಬ ಪೂರ್ವಪಕ್ಷವನ್ನು ಮೊದಲು ಕೂರಿಸಬೇಕು. ಇದಕ್ಕೆ ಶೂನ್ಯ ಪ್ರಾಕ್ಕಲ್ಪನೆ ಎಂದು ಹೆಸರು. ಅದು ನಿಜವೇ ಆಗಿದ್ದರೆ ಇಂಥ ಅಥವಾ ಇದಕ್ಕೂ ವಿಪರೀತದ ಫಲ ಬರುವ ಸಂಭವವೆಷ್ಟು ಎನ್ನುವುದೇ ಪಿ. ಹಳೆಯ ಪಂಡಿತರು ಪೂರ್ವಪಕ್ಷವನ್ನು ಖಂಡಿಸಿದ ಮೇಲೆ ತಮ್ಮ ಸಿದ್ಧಾಂತವನ್ನೂ ಸಾಧಿಸಿ ತೋರಿಸಬೇಕಿತ್ತು. ಪಿ-ಮತೀಯರು ಖಂಡನೆ ಮುಗಿಸಿ ನೇರ ಊಟಕ್ಕೆ ಏಳುತ್ತಾರೆ.

ಮಡಿ-ಮೈಲಿಗೆಯ ಗೆರೆ 0.05. 0.049 ಬಂದ ಪ್ರಬಂಧಕ್ಕೆ ಪಂಕ್ತಿಯಲ್ಲಿ ಎಲೆ, 0.051 ಬಂದದ್ದಕ್ಕೆ ಜಗಲಿಯೇ ಗತಿ. ಈ ಗೆರೆ ಯಾವ ಶ್ರುತಿಯಲ್ಲಿದೆ? 1925ರ ತಮ್ಮ ಪುಸ್ತಕದಲ್ಲಿ ಫಿಷರ್, ಇಪ್ಪತ್ತರಲ್ಲಿ ಒಂದು ಎಂಬ ಮಿತಿ ಅನುಕೂಲಕರ ಎಂದಷ್ಟೇ ಬರೆದರು. ಅವರ ಅನುಕೂಲ ಭಾಷ್ಯಕಾರರಿಗೆ ಆಜ್ಞೆಯಾಯಿತು. ಜೆರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್ 1933ರಲ್ಲಿ ಬೇರೆಯೇ ಶಾಖೆ ಕಟ್ಟಿದರು. ಫಿಷರ್ ಈ ಶಾಖೆಯನ್ನು ಕೊನೆಯವರೆಗೂ ಒಪ್ಪಲಿಲ್ಲ. ಇಂದಿನ ಪಠ್ಯಪುಸ್ತಕಗಳು ಈ ಬದ್ಧ ವಿರೋಧಿಗಳನ್ನು ಒಂದೇ ಅಧ್ಯಾಯದಲ್ಲಿ ಕೂರಿಸಿ, ಏನೂ ನಡೆದೇ ಇಲ್ಲವೆಂಬಂತೆ ಪ್ರಶ್ನೆ ಕೇಳುತ್ತವೆ.

ಇನ್ನು ಪವಾಡ ಪ್ರಕರಣ. ಅಮೆರಿಕದಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಮನುಷ್ಯರ ಚಿತ್ರ ತೋರಿಸಿ, ಇವರ ಮನಸ್ಸಿನಲ್ಲಿರುವ ಭಾವ ಯಾವುದೆಂದು ಕೇಳಿದರು. ಮೀನು ಸತ್ತಿತ್ತು. ಆದರೂ ಮಿದುಳಿನ ಕೆಲವು ಬಿಂದುಗಳು "ಸಿಗ್ನಿಫಿಕೆಂಟ್", ಅಂದರೆ ಮಡಿ, ಆಗಿ ಬೆಳಗಿದವು! ಸಾವಿರಾರು ಬಿಂದುಗಳಿಗೆ ಸಾವಿರಾರು ಪರೀಕ್ಷೆ ನಡೆಸಿದರೆ ಕೆಲವಾದರೂ ಆಕಸ್ಮಿಕವಾಗಿ ಗೆರೆ ದಾಟಿಯೇ ದಾಟುತ್ತವೆ. ಅದಕ್ಕೆ ತಕ್ಕ ತಿದ್ದುಪಡಿ ಮಾಡಿದೊಡನೆ ಮೀನು ಪುನಃ ಸತ್ತಿತು. 2012ರಲ್ಲಿ ಇಗ್ ನೊಬೆಲ್ ಬಂದದ್ದು ಸಂಶೋಧಕರಿಗೆ, ಮೀನಿಗೆ ಪಾಲಿರಲಿಲ್ಲ.

2011ರಲ್ಲಿ ಸಿಮನ್ಸ್, ನೆಲ್ಸನ್, ಸೈಮನ್‌ಸೋನ್ ತ್ರಿಮೂರ್ತಿಗಳು ಇನ್ನೂ ಮುಂದೆ ಹೋದರು. ಬೀಟಲ್ಸ್‌ನ ಒಂದು ಹಾಡು ಕೇಳಿದ ವಿದ್ಯಾರ್ಥಿಗಳ ವಯಸ್ಸು ಸುಮಾರು ಒಂದೂವರೆ ವರ್ಷ ಇಳಿಯುತ್ತದೆಂದು ಸಾಧಿಸಿದರು: ಪಿ 0.040, ಪರಮ ಮಡಿ. ದತ್ತಾಂಶ ನಿಜವಾದದ್ದೇ. ಸಾಕೆನಿಸಿದಾಗ ದತ್ತಾಂಶ ಸಂಗ್ರಹ ನಿಲ್ಲಿಸುವುದು, ಬೇಕಾದದ್ದನ್ನಷ್ಟೇ ವರದಿ ಮಾಡುವುದು, ನಡುವೆ ಅಪ್ಪನ ವಯಸ್ಸನ್ನೂ ಸೂತ್ರಕ್ಕೆ ಸೇರಿಸುವುದು, ಇಷ್ಟೇ ಅವರ ಮಂತ್ರ. ಅಣಕಕ್ಕೆಂದೇ ಮಾಡಿದ್ದರು, ಇತರರು ಅದನ್ನೇ ಶ್ರದ್ಧೆಯಿಂದ ಮಾಡುತ್ತಿದ್ದರು. 2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮರಳಿ ನಡೆಸಿ ನೋಡಿದಾಗ, ಮೊದಲು ಶೇಕಡಾ 97 ಇದ್ದ ಮಡಿಯ ಪ್ರಮಾಣ 36ಕ್ಕೆ ಇಳಿಯಿತು.

ಜೀರ್ಣೋದ್ಧಾರ ಅನಿವಾರ್ಯವಾಯಿತು. ಗೆರೆಯನ್ನು 0.005ಕ್ಕೆ ಇಳಿಸಿ ಎಂದು 72 ವಿದ್ವಾಂಸರು ಸಹಿ ಹಾಕಿದರು. ಗೆರೆ ಯಾವುದಾದರೂ ಆಗಲಿ, ಯಾಕೆ ಅದೇ ಎಂದು ಮೊದಲು ಕಾರಣ ಕೊಡಿ ಎಂದು 2018ರಲ್ಲಿ 88 ಮಂದಿ ಉತ್ತರಿಸಿದರು. ಬಹುಮತ ಯಾರದ್ದೆಂದು ಪಿ-ಮತದ ವಿಧಿಯಂತೆಯೇ ಪರೀಕ್ಷಿಸಿದರೆ, 72 ಮತ್ತು 88ರ ಅಂತರಕ್ಕೆ ಪಿ 0.2ನ್ನು ದಾಟುತ್ತದೆ. ಆದಕಾರಣ ಎರಡರಲ್ಲಿ ಯಾವ ಸಂಖ್ಯೆ ದೊಡ್ಡದೆಂದು ಹೇಳಲು ಸಾಕಷ್ಟು ಆಧಾರವಿಲ್ಲ.